ನೀಲಿ ಆಕಾಶದ ಕೆಳಗೆ ಹಿಂತಿರುಗಿದ ದಿನ
(ಸಂತ ಸ್ನಾನಿಕ ಯೊವಾನ್ನರ ಜನನೋತ್ಸವದ ಪ್ರಬೋಧನೆ)



ಸ್ನಾನಿಕ ಯೊವಾನ್ನರ ಹಬ್ಬ ನಮ್ಮಲ್ಲಿ ಮಳೆಗಾಲದಲ್ಲೇ ಬರುತ್ತದೆ. ಇವತ್ತೂ ನೀವೆಲ್ಲ ಕೊಡೆ ಹಿಡಿದೇ ದೇವಾಲಯಕ್ಕೆ ಬಂದಿದ್ದೀರಿ. ನಮ್ಮ ಮಳೆ ಹೇಳಿ ಬರುವ ಮಳೆ. ಮೋಡ ಕವಿಯುತ್ತದೆ, ಗಾಳಿ ಬೀಸುತ್ತದೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಒಳಗೆ ತರಲು ಸಮಯವಿರುತ್ತದೆ. ಯೊವಾನ್ನರು ಬಾಳಿದ ಮರುಭೂಮಿಯ ಸೀಮೆಯಲ್ಲಿ ಹಾಗಲ್ಲ. ಅದನ್ನು ನಾವು ಒಂದು ಬೆಳಿಗ್ಗೆ, ಸ್ವಲ್ಪ ನಾಚಿಕೆ ಪಟ್ಟುಕೊಂಡೇ ಕಲಿತೆವು.

2016ರ ನವೆಂಬರಿನಲ್ಲಿ ಪವಿತ್ರ ನಾಡಿನ ಯಾತ್ರೆಗೆ ಹೊರಟ ನಮ್ಮ ತಂಡದಲ್ಲಿ 32 ಜನರಿದ್ದರು. ಜೋರ್ಡಾನ್ ದೇಶದ ಪೆಟ್ರಾ ನಮ್ಮ ಪಟ್ಟಿಯಲ್ಲಿತ್ತು. ಈ ಹಬ್ಬಕ್ಕೂ ಆ ಊರಿಗೂ ನಂಟಿದೆ. ಅದು ನಬಾತಿಯರ ರಾಜಧಾನಿ. ಅಲ್ಲಿನ ಅರಸ ನಾಲ್ಕನೆಯ ಅರೇತನ ಮಗಳೇ ಹೆರೋದ ಅಂತಿಪನ ಮೊದಲ ಹೆಂಡತಿ. ಅವಳಿರುವಾಗಲೇ ಹೆರೋದ ತನ್ನ ಸಹೋದರನ ಹೆಂಡತಿಯ ಮೇಲೆ ಕಣ್ಣುಹಾಕಿದ. ವಿಷಯ ತಿಳಿದ ಆ ಹೆಣ್ಣುಮಗಳು ತಂದೆಯ ಬಳಿಗೆ ಹೊರಟುಹೋದಳೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆ ಎರಡನೆಯ ಮದುವೆಯನ್ನು ಖಂಡಿಸಿದ್ದಕ್ಕೇ ಯೊವಾನ್ನರು ಸೆರೆಮನೆ ಸೇರಿ ತಲೆ ಕೊಟ್ಟದ್ದು.

ಪೆಟ್ರಾದ ಮುಖ್ಯ ದಾರಿಯೇ ಒಂದು ಬಂಡೆಯ ಸೀಳು. ಅದಕ್ಕೆ ಸಿಕ್ ಎನ್ನುತ್ತಾರೆ. ಭೂಮಿಯ ಒತ್ತಡಕ್ಕೆ ಮರಳುಗಲ್ಲಿನ ಬೆಟ್ಟವೇ ಬಿರಿದು, ಆಮೇಲೆ ಹರಿದ ನೀರು ಅದರ ಗೋಡೆಗಳನ್ನು ನಯಮಾಡಿದೆ. ಉದ್ದ ಸುಮಾರು 1.2 ಕಿಲೋಮೀಟರ್. ಕೆಲವು ಕಡೆ ಗೋಡೆ 80 ಮೀಟರಿನಷ್ಟು ಎತ್ತರ, ಇಕ್ಕಟ್ಟಾದ ಕಡೆ ಅಗಲ ಬರೀ ಮೂರು ಮೀಟರ್. ತಲೆಯೆತ್ತಿದರೆ ಆಕಾಶ ಒಂದು ನೀಲಿ ರಿಬ್ಬನ್ನಿನಂತೆ ಕಾಣುತ್ತದೆ. ಎರಡೂ ಬದಿಗೆ ನಬಾತಿಯರು ಕಲ್ಲಿನಲ್ಲೇ ಕೊರೆದ ಕುಡಿಯುವ ನೀರಿನ ಕಾಲುವೆ.

ನಮ್ಮವರ ಮಾತು ಗೊತ್ತಲ್ಲ, ಬಸ್ಸಿನಲ್ಲಿ ಹತ್ತಿದ್ದು ಇಳಿಯುವವರೆಗೂ ನಿಲ್ಲುವುದಿಲ್ಲ. ಅರ್ಧ ದಾರಿಯಲ್ಲಿ ಗೈಡ್ ನಿಂತು, ಐದು ನಿಮಿಷ ಯಾರೂ ಮಾತಾಡಬೇಡಿ ಎಂದರು. ಮೊದಲು ಕೆಮ್ಮು, ಪ್ಲಾಸ್ಟಿಕ್ ಚೀಲದ ಸದ್ದು. ಆಮೇಲೆ ಏನೂ ಇಲ್ಲ. ಅಂಥ ಮೌನವನ್ನು ನಾವು ಧ್ಯಾನಕೂಟಗಳಲ್ಲೂ ಕಂಡಿರಲಿಲ್ಲ. ನಮ್ಮ ಉಸಿರೇ ನಮಗೆ ಜೋರಾಗಿ ಕೇಳುತ್ತಿತ್ತು.

ಆ ಮೌನದ ನಡುವೆಯೇ ಗೈಡಿನ ಫೋನು ಬಂತು. ಕೇಳಿಸಿಕೊಂಡು, ಮೂಡಣ ದಿಕ್ಕಿಗೆ ಒಮ್ಮೆ ನೋಡಿ, "ಎಲ್ಲರೂ ಹಿಂತಿರುಗಿ, ಈಗಲೇ" ಎಂದರು.

ನಮಗೆ ನಂಬಿಕೆ ಬರಲಿಲ್ಲ. ಮೇಲೆ ಒಂದು ಚೂರು ಮೋಡವಿರಲಿಲ್ಲ. ಹತ್ತು ನಿಮಿಷ ನಡೆದರೆ ಬಂಡೆಯಲ್ಲಿ ಕೊರೆದ ಆ ಪ್ರಸಿದ್ಧ ಖಜಾನೆ ಕಾಣುತ್ತದೆ. ವರ್ಷಗಟ್ಟಲೆ ಚೀಟಿ ಹಾಕಿ ಹಣ ಕೂಡಿಸಿ ಬಂದವರಿದ್ದರು. "ಸ್ವಾಮಿ, ನೀವಾದರೂ ಹೇಳಿ" ಎಂದು ಒಬ್ಬ ಅಜ್ಜಿ ನಮ್ಮ ಕೈ ಹಿಡಿದರು. ನಾವೂ ಗೈಡಿಗೆ ಹೇಳಿದೆವು, ಹೇಳಿದ್ದೇನು, ಒತ್ತಾಯವನ್ನೇ ಮಾಡಿದೆವು. ಆತ ಜಗ್ಗಲಿಲ್ಲ. ಗೊಣಗುತ್ತಾ ವಾಪಸು ನಡೆದೆವು. ಆ ದಿನ ಸಿಕ್ಕಿನೊಳಗೆ ನೀರೂ ಬರಲಿಲ್ಲ! ಮಧ್ಯಾಹ್ನದ ಊಟಕ್ಕೆ ಗೈಡಿನ ಬಗ್ಗೆ ಒಂದಷ್ಟು ಹಾಸ್ಯವೂ ನಡೆಯಿತು.

ಸಂಜೆ ಆತನೇ ನಮ್ಮ ಬಳಿ ಕುಳಿತು ವಿವರಿಸಿದರು. ಮಳೆ ಬೀಳುವುದು ಮೇಲಿನ ಬೆಟ್ಟಗಳಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಗಟ್ಟಿ ನೆಲ ಅದನ್ನು ಹೀರುವುದಿಲ್ಲ. ಹತ್ತಾರು ಹಳ್ಳಗಳ ನೀರು ಒಂದೇ ಸೀಳಿಗೆ ನುಗ್ಗುತ್ತದೆ. ಒಳಗಿದ್ದವರಿಗೆ ಹತ್ತಲು ಗೋಡೆಯಲ್ಲಿ ಕೈಹಿಡಿತವೂ ಸಿಗದು.

1963ರ ಏಪ್ರಿಲ್ 8ರಂದು ಇದೇ ಸಿಕ್ಕಿನಲ್ಲಿ ಪ್ರವಾಹ ನುಗ್ಗಿ ಫ್ರಾನ್ಸಿನ ಇಪ್ಪತ್ತಕ್ಕೂ ಹೆಚ್ಚು ಯಾತ್ರಿಕರು ಸತ್ತರು. ಅವರಲ್ಲಿ ಒಬ್ಬ ಗುರುಗಳಿದ್ದರು, ಫಾದರ್ ಜಾಂ ಸ್ಟೈನ್‌ಮನ್. ಪವಿತ್ರ ಗ್ರಂಥದ ವಿದ್ವಾಂಸರು, ಪ್ರವಾದಿಗಳ ಬಗ್ಗೆ ಬರೆದವರು. ಸ್ನಾನಿಕ ಯೊವಾನ್ನರ ಮರುಭೂಮಿಯ ಅಧ್ಯಾತ್ಮದ ಬಗ್ಗೆ ಪುಸ್ತಕವನ್ನೇ ಬರೆದಿದ್ದವರು ಅವರು. ಮರುಭೂಮಿಯನ್ನು ಅರಿಯದವರೆಂದು ಅವರ ಬಗ್ಗೆ ಯಾರು ಹೇಳಬಲ್ಲರು?

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಹಿಂದೆ 32 ಜನರಿದ್ದರು. ನಾವು ಮುಂದೆ ಹೋಗೋಣವೆಂದಿದ್ದರೆ ಅವರೆಲ್ಲ ಬರುತ್ತಿದ್ದರು, ಏಕೆಂದರೆ ಸ್ವಾಮಿಯವರು ಹೇಳಿದರಲ್ಲ! ಪ್ರವಾದಿಗಳು ಮನಪರಿವರ್ತನೆಗೆ ಬಳಸುವ ಹೀಬ್ರೂ ಪದ 'ಶೂಬ್', ಹಿಂತಿರುಗು ಎಂದೇ ಅದರರ್ಥ ಎಂದು ಸೆಮಿನರಿಯಲ್ಲಿ ಕಲಿತಿದ್ದೆವು. ಪ್ರತಿ ತಪಸ್ಸುಕಾಲದಲ್ಲೂ ಅದನ್ನೇ ಬೋಧಿಸಿದ್ದೇವೆ. ಒಬ್ಬ ಮನುಷ್ಯ ಎದುರಿಗೆ ನಿಂತು ಆ ಮಾತನ್ನೇ ಆಡಿದಾಗ ನಮಗೆ ಬಂದದ್ದು ಸಿಟ್ಟು. ಯೊವಾನ್ನರ ಮಾತು ಕೇಳಿ ಹೆರೋದನಿಗೆ ಏನನ್ನಿಸಿತ್ತೆಂದು ಆಗ ಸ್ವಲ್ಪ ತಿಳಿಯಿತು. ಅವನ ಮೇಲೂ ಆಕಾಶ ನೀಲಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಸಿಕ್ಕಿನ ಬಾಯಲ್ಲೇ ಒಂದು ಅಣೆಕಟ್ಟಿದೆ, ಪಕ್ಕದಲ್ಲಿ ಬೆಟ್ಟ ಕೊರೆದು ಮಾಡಿದ ಸುರಂಗ. ಎರಡು ಸಾವಿರ ವರ್ಷದ ಹಿಂದೆಯೇ ನಬಾತಿಯರು ಪ್ರವಾಹವನ್ನು ಆ ಕಡೆ ತಿರುಗಿಸಿದ್ದರು. ಕಾಲಾಂತರದಲ್ಲಿ ಅದು ಹಾಳಾಗಿತ್ತು. 1963ರ ದುರಂತದ ನಂತರವೇ ಮತ್ತೆ ಕಟ್ಟಿದ್ದು. ಆದರೂ 2018ರ ನವೆಂಬರ್ 9ರಂದು ಪೆಟ್ರಾಕ್ಕೆ ಮತ್ತೆ ಪ್ರವಾಹ ನುಗ್ಗಿ, ಸಾವಿರಾರು ಪ್ರವಾಸಿಗರನ್ನು ತೆರವುಗೊಳಿಸಬೇಕಾಯಿತು. ಪತ್ರಿಕೆಯಲ್ಲಿ ಓದಿದಾಗ ಆ ಗೈಡಿನ ಮುಖ ನೆನಪಾಯಿತು.

ಖಜಾನೆ ಕಂಡಾಗ ಅಜ್ಜಿ ಅತ್ತೇಬಿಟ್ಟರು. ನಾವು ಗೈಡಿನ ಬಳಿ ಕ್ಷಮೆ ಕೇಳಿದೆವು. ಆತ ನಕ್ಕು, "ಬೈಗುಳ ನಮಗೆ ಅಭ್ಯಾಸ" ಎಂದರು.

ಇಂದಿನ ಬಲಿಪೂಜೆಯಲ್ಲಿ ಫಾದರ್ ಸ್ಟೈನ್‌ಮನ್ ಮತ್ತು ಆ ಯಾತ್ರಿಕರ ಆತ್ಮಗಳಿಗಾಗಿ ಪ್ರಾರ್ಥಿಸೋಣ. ನಿಮ್ಮ ನಿಮ್ಮ ಮನೆಗಳಲ್ಲಿ ಹಿಂತಿರುಗು ಎಂದು ಹೇಳಿ ಬೈಸಿಕೊಂಡವರು ಯಾರಾದರೂ ಇದ್ದರೆ, ಅವರ ಹೆಸರನ್ನೂ ಈಗ ಮೌನವಾಗಿ ನೆನೆಯೋಣ.