ಮೇಳದ ಹೆಸರು ಯಾರದು?



ಕೆಲವು ವರ್ಷಗಳ ಹಿಂದೆ ನಮ್ಮ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸಿನ ಲಲಿತಕಲಾ ತೋರಣದಲ್ಲಿ ಸುರಭಿ ಮಂಡಳಿಯವರ ‘ಮಾಯಾಬಜಾರ್’ ನಾಟಕವನ್ನು ನೋಡಿ ಜನಸಂದಣಿಯೊಡನೆ ಹೊರಬರುತ್ತಿದ್ದಾಗ, ನನ್ನ ಮುಂದೆ ನಡೆಯುತ್ತಿದ್ದ ವೃದ್ಧರೊಬ್ಬರು ಜೊತೆಯಲ್ಲಿದ್ದ ಮೊಮ್ಮಗನಿಗೆ ತೆಲುಗಿನಲ್ಲಿ, ಆಟವೇನೋ ಚೆನ್ನಾಗಿಯೇ ಇತ್ತು, ಆದರೆ ತಾವು ಕಂಡ ಸುರಭಿ ಇದಲ್ಲ, ಆ ಜನರೆಲ್ಲ ಎಂದೋ ಹೋದರು, ಎಂದು ಹೇಳಿದ ಮಾತು ಕಿವಿಗೆ ಬಿದ್ದಿತು. ಮೊಮ್ಮಗನಾದರೋ ಆ ಮಾತನ್ನು ಮನಸ್ಸಿಗೆ ಹಾಕಿಕೊಳ್ಳದೆ, ಘಟೋತ್ಕಚನ ಬಾಯಿಗೆ ಲಡ್ಡುಗಳು ತಾವಾಗಿಯೇ ಹಾರಿಹೋದದ್ದು ಹೇಗೆಂದು ಮತ್ತೆ ಮತ್ತೆ ಕೇಳುತ್ತಿದ್ದನು. ಒಂದು ಮೇಳವನ್ನು ಕಟ್ಟಿದವರೂ ಅದರ ಕೀರ್ತಿಗೆ ಕಾರಣರಾದವರೂ ಅಗಲಿದ ತರುವಾಯ, ಉಳಿದವರು ಅದೇ ಹೆಸರಿನಿಂದ ರಂಗವೇರುವುದು ನ್ಯಾಯವೆ, ಅದಕ್ಕೆ ಅವರಿಗೆ ಅಧಿಕಾರವುಂಟೆ, ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇಂದು ಅದರ ಚರಿತ್ರೆಯನ್ನಷ್ಟು ನಿಮ್ಮ ಮುಂದೆ ನಿವೇದಿಸಬಯಸುತ್ತೇನೆ.

ಪಾಶ್ಚಾತ್ಯರ ರಾಕ್ ಸಂಗೀತದ ತಂಡಗಳಲ್ಲಿ ಈ ವಿವಾದ ನ್ಯಾಯಾಲಯದವರೆಗೂ ಹೋದದ್ದುಂಟು. ಲಂಡನ್ನಿನ ಪಿಂಕ್ ಫ್ಲಾಯ್ಡ್ ತಂಡದಿಂದ 1985ರಲ್ಲಿ ಹೊರಬಂದ ರೋಜರ್ ವಾಟರ್ಸ್, ತಾನಿಲ್ಲದ ಮೇಲೆ ತಂಡವೂ ಮುಗಿಯಿತೆಂದೂ ಉಳಿದವರು ಆ ಹೆಸರನ್ನು ಬಳಸಕೂಡದೆಂದೂ ಮರುವರ್ಷ ವ್ಯಾಜ್ಯ ಹೂಡಿದರು. ಉಳಿದವರು ಹೆಸರನ್ನು ಬಿಡಲಿಲ್ಲ, 1987ರಲ್ಲಿ ರಾಜಿಯಾಯಿತು. ಆದರೆ ಆ ತಂಡಕ್ಕೆ ಹೆಸರಿಟ್ಟ ಸಿಡ್ ಬ್ಯಾರೆಟ್ 1968ರಲ್ಲಿಯೇ ಹೊರಗಾಗಿದ್ದರು. ವಾಟರ್ಸ್ ಅವರಿಗೆ ಜಗತ್ಪ್ರಸಿದ್ಧಿಯನ್ನು ತಂದ ಕೃತಿಗಳೆಲ್ಲವೂ, ಹೆಸರಿಟ್ಟವನು ಹೋದ ಮೇಲೆ ಅವನಿಟ್ಟ ಹೆಸರಿನಲ್ಲಿಯೇ ಹೊರಬಂದವು. ಪ್ರಮುಖನು ಅಗಲಿದೊಡನೆ ಹೆಸರು ಅಳಿಯುವುದು ನಿಯಮವಾಗಿದ್ದರೆ, ಆ ನಿಯಮ ಮೊದಲು ವಾಟರ್ಸ್ ಅವರ ಮೇಲೆಯೇ ಬೀಳುತ್ತಿತ್ತು. ಇದಕ್ಕಿಂತ ಭಿನ್ನವಾದುದು 1974ರ ಒಂದು ಪ್ರಸಂಗ: ಫ್ಲೀಟ್‌ವುಡ್ ಮ್ಯಾಕ್ ಎಂಬ ತಂಡದ ವ್ಯವಸ್ಥಾಪಕನು, ಹೆಸರಿನ ಸ್ವಾಮ್ಯ ತನ್ನದೆಂದು ಸಾಧಿಸಿ, ಆ ತಂಡದಲ್ಲಿ ಎಂದೂ ನುಡಿಸದಿದ್ದ ಬೇರೆಯ ವಾದಕರನ್ನು ಅದೇ ಹೆಸರಿನಿಂದ ಅಮೆರಿಕದ ಸಂಚಾರಕ್ಕೆ ಕಳುಹಿಸಿದನು. ಶ್ರೋತೃಗಳು ತಿರುಗಿಬಿದ್ದರು, ನಿಜವಾದ ತಂಡದವರು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲನೆಯ ಪ್ರಸಂಗದಲ್ಲಿ ಕೆಲವರು ಹೋದರೂ ಜೊತೆಗೂಡಿ ನುಡಿಸಿ ಬಂದ ಬಳಕೆ ಉಳಿದಿತ್ತು. ಎರಡನೆಯದರಲ್ಲಿ ಹೆಸರೊಂದನ್ನುಳಿದು ಮತ್ತೇನೂ ಇರಲಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ಬರೋಣ.

ಕನ್ನಡಿಗರಾದ ನಮಗೆ ನಾಟಕದ ಕಂಪನಿಯೆಂದೊಡನೆ ನೆನಪಾಗುವುದು ಗುಬ್ಬಿ ಕಂಪನಿ, ಗುಬ್ಬಿ ಕಂಪನಿಯೆಂದೊಡನೆ ವೀರಣ್ಣನವರು. ಆದರೆ ಶ್ರೀ ಚೆನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಗುಬ್ಬಿಯಲ್ಲಿ ಸ್ಥಾಪಿತವಾದದ್ದು 1884ರಲ್ಲಿ, ಎಂದರೆ ವೀರಣ್ಣನವರು ಹುಟ್ಟುವುದಕ್ಕೆ ಏಳು ವರ್ಷ ಮೊದಲು. ಅವರು ಬಾಲನಟರಾಗಿ ಅದನ್ನು ಸೇರಿ, ಪಾರ್ಟುಗಳನ್ನು ಮಾಡುತ್ತ ಬೆಳೆದು, 1917ರಲ್ಲಿ ಮಾಲೀಕರಾದರು. ಸ್ಥಾಪಕರ ಹೆಸರುಗಳು ಇಂದು ಗ್ರಂಥಗಳಲ್ಲಿ ಮಾತ್ರ ಉಳಿದಿವೆ. ನಡುವೆ ಬಂದು ಸೇರಿದವರು ಆ ಹೆಸರಿನ ಪ್ರಾಣವೇ ಆದರು. ಹೀಗಿರುವಾಗ, ಮೂಲಪುರುಷರಿಲ್ಲದ ಗುಬ್ಬಿ ಕಂಪನಿ ಗುಬ್ಬಿ ಕಂಪನಿಯೇ ಅಲ್ಲ ಎಂದು ಹೇಳುವ ಕನ್ನಡಿಗನುಂಟೆ? ಹಿರಣ್ಣಯ್ಯನವರ ಮಿತ್ರ ಮಂಡಳಿಯ ಮಾತೂ ಹೀಗೆಯೇ, 1953ರಲ್ಲಿ ಕೆ. ಹಿರಣ್ಣಯ್ಯನವರು ತೀರಿಕೊಂಡ ತರುವಾಯ ಮಗನಾದ ಮಾಸ್ಟರ್ ಹಿರಣ್ಣಯ್ಯನವರು ತಂದೆಯ ಹೆಸರನ್ನು ಹೊತ್ತು ‘ಲಂಚಾವತಾರ’ದಂಥ ನಾಟಕಗಳಿಂದ ಅದಕ್ಕೆ ಹೊಸ ನಾಲಗೆಯನ್ನೇ ಕೊಟ್ಟರು.

ಇನ್ನು ಸುರಭಿಗೆ ಬರುತ್ತೇನೆ. ಮಹಾರಾಷ್ಟ್ರದ ಕಡೆಯಿಂದ ವಲಸೆ ಬಂದು ತೊಗಲುಗೊಂಬೆಯಾಡಿಸಿ ಜೀವಿಸುತ್ತಿದ್ದ ಮನೆತನಗಳಲ್ಲಿ ಹುಟ್ಟಿದ ವನಾರಸ ಗೋವಿಂದರಾಯರು 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ ‘ಕೀಚಕವಧ’ವನ್ನು ಆಡಿಸಿದರು, ಆ ಹಳ್ಳಿಯ ಹೆಸರೇ ಮೇಳಕ್ಕೂ, ಕಾಲಕ್ರಮದಲ್ಲಿ ಮನೆತನಕ್ಕೂ ನಿಂತಿತು. ಪುರುಷರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲದಲ್ಲಿ ಇವರಲ್ಲಿ ಮನೆಯ ಹೆಣ್ಣುಮಕ್ಕಳೇ ಬಣ್ಣ ಹಚ್ಚಿ ರಂಗಕ್ಕೆ ಬಂದರು. ಸಂಸಾರ ಬೆಳೆದಂತೆ ಮೇಳವೂ ಕವಲೊಡೆಯಿತು. ಒಂದು ಕಾಲಕ್ಕೆ ನಲವತ್ತಕ್ಕೂ ಮಿಕ್ಕ ಸುರಭಿ ಮೇಳಗಳು ಊರಿಂದೂರಿಗೆ ಮೊಕ್ಕಾಂ ಹೂಡುತ್ತಿದ್ದವು. ಪಾಶ್ಚಾತ್ಯ ತಂಡವೊಂದು ಎರಡಾಗಿ ಒಡೆದರೆ ಹೆಸರಿಗಾಗಿ ವಕೀಲರು ಹೊಡೆದಾಡುವರು. ಇಲ್ಲಿಯಾದರೋ ಅಣ್ಣನ ಮೇಳವೂ ಸುರಭಿ, ತಮ್ಮನ ಮೇಳವೂ ಸುರಭಿ, ಅಳಿಯ ಕಟ್ಟಿದ ಮೇಳವೂ ಸುರಭಿ. ಹೊಲದ ಪಾಲಿನಂತೆ ಹೆಸರು ಹಂಚಿಹೋಗಲಿಲ್ಲ; ದೀಪದಿಂದ ದೀಪ ಹೊತ್ತಿದಂತೆ ಪ್ರತಿಯೊಬ್ಬರಲ್ಲಿಯೂ ಅದು ಇಡಿಯಾಗಿಯೇ ಉಳಿಯಿತು.

ಅಗಲಿಕೆಗಳು ಸುರಭಿಗೆ ಕಡಮೆಯಾಗಿರಲಿಲ್ಲ. ನಾಟಕ ನಡೆಯುತ್ತಿರುವಾಗ ರಂಗದ ಮೇಲೆಯೇ ಜನಿಸಿದವರೆಂದು ಪ್ರಸಿದ್ಧರಾದ ಸುರಭಿ ಕಮಲಾಬಾಯಿಯವರು, ಎಚ್. ಎಂ. ರೆಡ್ಡಿಯವರು ನಿರ್ದೇಶಿಸಿದ ತೆಲುಗಿನ ಮೊದಲ ವಾಕ್ಚಿತ್ರ ‘ಭಕ್ತ ಪ್ರಹ್ಲಾದ’ದಲ್ಲಿ ಲೀಲಾವತಿಯಾಗಿ ನಟಿಸಿ ಚಲನಚಿತ್ರದ ಕಡೆಗೆ ಹೊರಟುಹೋದರು. ಅವರ ಹಿಂದೆ ಮತ್ತೆಷ್ಟೋ ಮಂದಿ ಅದೇ ದಾರಿ ಹಿಡಿದರು, ಅವರ ಹಿಂದೆ ಪ್ರೇಕ್ಷಕರೂ ಹೋದರು. ನಲವತ್ತು ಮೇಳಗಳು ಬೆರಳೆಣಿಕೆಗೆ ಇಳಿದವು. ಉಳಿದವುಗಳಲ್ಲಿ ಒಂದಾದ, 1937ರಲ್ಲಿ ಹುಟ್ಟಿದ ಶ್ರೀ ವೆಂಕಟೇಶ್ವರ ನಾಟ್ಯಮಂಡಲಿಯು ಹೈದರಾಬಾದನ್ನು ಆಶ್ರಯಿಸಿ, ಬಾಬ್ಜಿ ಎಂದೇ ಖ್ಯಾತರಾದ ನಾಗೇಶ್ವರರಾಯರ ನೇತೃತ್ವದಲ್ಲಿ ಪಾತಾಳಭೈರವಿ, ಮಾಯಾಬಜಾರುಗಳನ್ನು ಆಡುತ್ತ ಬಂದಿತು. ಲಿಂಗಂಪಲ್ಲಿಯ ಸುರಭಿ ಕಾಲೊನಿ ಈ ಕುಟುಂಬಗಳ ನೆಲೆಯಾಯಿತು. ಬಾಬ್ಜಿಯವರಿಗೆ 2013ರಲ್ಲಿ ಪದ್ಮಶ್ರೀ ಸಂದಿತು. 2022ರಲ್ಲಿ ಅವರೂ ಅಗಲಿದರು. ಆಟ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲವೆಂಬುದು ನೇಪಥ್ಯದಲ್ಲಿ ನಿಂತು ನೋಡಿದವರಿಗೆ ತಿಳಿಯುತ್ತದೆ. ಒಮ್ಮೆ ನನಗೆ ಆ ಅವಕಾಶ ದೊರೆತಾಗ, ಹಿಂದಿನ ದೃಶ್ಯದಲ್ಲಿ ಶಕುನಿಯಾಗಿ ಪ್ರೇಕ್ಷಕರನ್ನು ನಡುಗಿಸಿದ ನಟನು, ಮೊಗದ ಬಣ್ಣವಿನ್ನೂ ಆರದಿರುವಾಗಲೇ ಸೈಡ್ ವಿಂಗಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಣ್ಣಿಗೆ ಕಾಣದಷ್ಟು ತೆಳ್ಳನೆಯ ದಾರವನ್ನು ಹಾರ್ಮೋನಿಯಂ ಮಾಸ್ತರರ ತಾಳಕ್ಕೆ ಸರಿಯಾಗಿ ಎಳೆಯುತ್ತಿದ್ದುದನ್ನು ಕಂಡೆನು. ಘಟೋತ್ಕಚನ ಬಾಯಿಗೆ ಹಾರಿದ ಲಡ್ಡುಗಳ ರಹಸ್ಯ ಅಲ್ಲಿತ್ತು. ಅವನ ಬೆನ್ನಿಗೆ ಒರಗಿಕೊಂಡಂತೆ ಆರೇಳು ವರ್ಷದ ಬಾಲಕನೊಬ್ಬನು ನಿಂತು, ದಾರವನ್ನೊಮ್ಮೆ ರಂಗವನ್ನೊಮ್ಮೆ ನೋಡುತ್ತ, ರಂಗದ ಮೇಲಿದ್ದವರ ಮಾತುಗಳನ್ನೆಲ್ಲ ತುಟಿಯಲ್ಲಿಯೇ ಆಡುತ್ತಿದ್ದನು. ಅವನ ತುಟಿ ಒಂದೆಡೆಯೂ ತಡವರಿಸಲಿಲ್ಲ. ಬಾಲ್ಯದಲ್ಲಿ ಪ್ರಹ್ಲಾದ, ಮೀಸೆ ಬಂದಾಗ ಅಭಿಮನ್ಯು, ಕಂಠ ಗಡುಸಾದಾಗ ಹಿರಣ್ಯಕಶಿಪು, ಕೊನೆಗೆ ಪರದೆ ಎಳೆಯುವ ಕೈ: ಒಂದೇ ದೇಹ ಒಂದೇ ಆಟದ ಎಲ್ಲ ಸ್ಥಾನಗಳನ್ನೂ ಹಾದುಹೋಗುವ ಇಂತಹ ಮನೆಯಲ್ಲಿ, ಒಬ್ಬನು ಎದ್ದುಹೋದಾಗ ಅವನ ಜಾಗಕ್ಕೆ ಬರುವವನು ಹೊರಗಿನಿಂದ ಬಾಡಿಗೆಗೆ ಬಂದವನಾಗಿರುವುದಿಲ್ಲ, ಹೋದವನ ಹಿಂದೆಯೇ ನಿಂತು ತುಟಿಯಾಡಿಸಿದವನೇ ಆಗಿರುತ್ತಾನೆ.

ಇದೇ ನಗರದ ವಾರ್ಸಿ ಕವ್ವಾಲರನ್ನೂ ಈ ಸಂದರ್ಭದಲ್ಲಿ ಸ್ಮರಿಸಬೇಕು. ಪದ್ಮಶ್ರೀ ಅಜೀಜ್ ಅಹಮದ್ ಖಾನ್ ವಾರ್ಸಿಯವರ ಕಂಠಕ್ಕೆ ಮಾರುಹೋದವರು, ಅವರಿಲ್ಲದ ಮೆಹಫಿಲಿಗೆ ಹೋಗಲು ಮನಸ್ಸೇ ಬಾರದೆಂದು ಹೇಳಿದ್ದನ್ನು ನಾನು ಕೇಳಿದ್ದೇನೆ; ಆದರೆ ಮೊಮ್ಮಕ್ಕಳಾದ ನಜೀರ್ ಮತ್ತು ನಸೀರ್ ಅಹಮದ್ ಖಾನ್ ವಾರ್ಸಿಯವರು ಅದೇ ಪರಂಪರೆಯನ್ನು ಮುಂದುವರಿಸಿದ್ದಾರೆ. ಕವ್ವಾಲಿಯ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆಯ ತಾಳ ಹಿಡಿಯುವ ಹುಡುಗನೇ ವರ್ಷಗಳು ಕಳೆದಂತೆ ಮುಂದಿನ ಸಾಲಿಗೆ ಬರುವವನು.

ಹಾಗಾದರೆ ಹೊರಗಿನವನಿಗೆ ಇಂತಹ ಮೇಳದಲ್ಲಿ ಸ್ಥಾನವೇ ಇಲ್ಲವೆ, ಎಂದು ಕೇಳುವವರಿಗೆ ನಮ್ಮ ಕಾರಂತರೇ ಉತ್ತರ. 1990ರ ದಶಕದಲ್ಲಿ ರಂಗನಿರ್ದೇಶಕ ಬಿ. ವಿ. ಕಾರಂತರು ಸುರಭಿಯವರಿಗೆ ‘ಭೀಷ್ಮ’, ‘ಚಂಡಿಪ್ರಿಯ’ ಮತ್ತು ಬ್ರೆಕ್ಟನ ನಾಟಕವನ್ನಾಧರಿಸಿದ ‘ಬಸ್ತೀ ದೇವತ ಯಾದಮ್ಮ’ ಎಂಬ ಮೂರು ನಾಟಕಗಳನ್ನು ಕಟ್ಟಿಕೊಟ್ಟರು. ಜರ್ಮನ್ ನಾಟಕಕಾರನ ಕಥೆಯನ್ನು ನಮ್ಮ ಬಸ್ತಿಯ ಹೆಣ್ಣಿನ ಕಥೆಯಾಗಿಸಿ ಆಡಿದಾಗ, ಸುರಭಿ ತನ್ನತನವನ್ನು ಕಳೆದುಕೊಂಡಿತೆಂದು ಶಂಕಿಸುವುದು ಸುಲಭ. ಆದರೆ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ್ದ ಕಾರಂತರಿಗೆ ಕಂಪನಿಯ ಅನ್ನದ ರುಚಿಯೂ ಗೊತ್ತಿತ್ತು, ಪರದೆಯ ಹಗ್ಗದ ಭಾರವೂ ಗೊತ್ತಿತ್ತು. ಗುಬ್ಬಿಯಲ್ಲಿ ಬಾಲಕನೊಬ್ಬನು ಕಲಿತ ವಿದ್ಯೆ, ಅರ್ಧ ಶತಮಾನದ ತರುವಾಯ ಕಡಪದಲ್ಲಿ ಹುಟ್ಟಿದ ಮೇಳಕ್ಕೆ ಹೈದರಾಬಾದಿನಲ್ಲಿ ನೆರವಾಯಿತೆಂಬುದು ಇಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಹೆಮ್ಮೆಪಡತಕ್ಕ ಸಂಗತಿ.

ನನ್ನ ನಿರ್ಣಯವನ್ನು ಮುಚ್ಚಿಡದೆ ಹೇಳುತ್ತೇನೆ. ಮೇಳದ ಹೆಸರು ಕಟ್ಟಿದವನದೂ ಅಲ್ಲ, ಕಾಗದಪತ್ರವುಳ್ಳವನದೂ ಅಲ್ಲ. ಹೋದವರ ಪಕ್ಕದಲ್ಲಿ ದುಡಿದು ಅವರ ಕೈಯಿಂದ ವಿದ್ಯೆಯನ್ನು ಪಡೆದವರದು. ಅಂದಿನ ರಾತ್ರಿ ಆ ವೃದ್ಧರು ಪಟ್ಟ ದುಃಖ ಯಥಾರ್ಥವಾದುದು; ಕಮಲಾಬಾಯಿಯವರ ಕಂಠವನ್ನಾಗಲಿ ಬಾಬ್ಜಿಯವರ ಗತ್ತನ್ನಾಗಲಿ ಯಾವ ಶಿಷ್ಯನೂ ಹಿಂದಕ್ಕೆ ತರಲಾರನು, ಹಾಗೆ ತರಬಲ್ಲೆನೆಂದು ಹೇಳಿಕೊಳ್ಳುವುದೂ ಸಲ್ಲದು. ಆದರೆ ಅದು ವಿಯೋಗದ ದುಃಖವೇ ಹೊರತು ಇಂದಿನವರ ಅಧಿಕಾರವನ್ನು ನಿರಾಕರಿಸುವ ಕಾರಣವಲ್ಲ.

ಶ್ರೋತೃಗಳೆ, ಮುಂದಿನ ಸಲ ನಗರದಲ್ಲಿ ಸುರಭಿಯ ಆಟವುಂಟೆಂದು ತಿಳಿದಾಗ, ಮನೆಯ ಮಕ್ಕಳನ್ನು ಕರೆದುಕೊಂಡು, ಟಿಕೀಟು ಕೊಂಡು, ಹೋಗಿ ನೋಡಿ. ಆಟ ಮುಗಿದು ಮಂಗಳವಾದ ಮೇಲೆ ಸಾಧ್ಯವಾದರೆ ಪರದೆಯ ಹಿಂದಕ್ಕೆ ಹೋಗಿ, ಪ್ರಹ್ಲಾದನ ಪಾರ್ಟು ಮಾಡಿದ ಮಗುವನ್ನು, ಇದನ್ನು ಯಾರಿಂದ ಕಲಿತೆ, ಎಂದು ಕೇಳಿರಿ.