ಹೇಂಟೆಯ ಬಳುವಳಿ

ಜೀವಮಾನವೆಲ್ಲ ಕನ್ನಡ ಕಾವ್ಯವನ್ನು ಪಾಠ ಹೇಳಿದವನು ಕೋಳಿಯ ಕರುಳಿನ ವಿಚಾರ ಮಾತನಾಡಹೊರಟರೆ ಕೇಳುಗರು ನಕ್ಕಾರು. ಆದರೆ ಈ ಮಾತು ಹುಟ್ಟಿದ್ದು ನಮ್ಮ ಮನೆಯಲ್ಲಿಯೇ. ನನ್ನ ತಮ್ಮನ ಮಗ ಊರಿನಲ್ಲಿ ಕೋಳಿ ಫಾರಂ ನಡೆಸುತ್ತಾನೆ. ಮೇವಿನಲ್ಲಿ ದಿನವೂ ಆಂಟಿಬಯೋಟಿಕ್ ಬೆರೆಸುವುದನ್ನು ಕಂಡು, "ರೋಗವಿಲ್ಲದ ಕೋಳಿಗೆ ಮದ್ದೇಕಪ್ಪಾ?" ಎಂದೆ. "ಮದ್ದು ಬಿಟ್ಟು ಮರಿಗಳು ಸತ್ತರೆ ಬ್ಯಾಂಕಿನ ಸಾಲ ತೀರಿಸುವವರು ಯಾರು, ದೊಡ್ಡಪ್ಪ?" ಎಂದ. ನಾನು ನಿರುತ್ತರನಾದೆ.

ಉತ್ತರ ಹುಡುಕುತ್ತ ಓದತೊಡಗಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವಂತೆ. ಅಂದಿನಿಂದ ಮದ್ದೇ ಮೇವಾಯಿತು. ಆದರೆ ಅಲ್ಪಸ್ವಲ್ಪ ಮದ್ದಿನ ನಡುವೆ ಉಳಿದುಕೊಂಡ ರೋಗಾಣುಗಳು ಅದಕ್ಕೆ ಜಗ್ಗದಾದವು. ಅಂಥವು ಮನುಷ್ಯನ ದೇಹ ಹೊಕ್ಕರೆ ವೈದ್ಯರ ಕೈ ಬರಿದು. ಆದುದರಿಂದಲೇ ಬೆಳವಣಿಗೆಗಾಗಿ ಮೇವಿಗೆ ಇವನ್ನು ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಯೂರೋಪಿನ ಒಕ್ಕೂಟ 2006ರಲ್ಲಿ ನಿಷೇಧಿಸಿದವು. ಭಾರತವು 2019ರಲ್ಲಿ ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಲ್ಲಿಸಿತು.

ಹಾಗಾದರೆ ಬದಲಿ ದಾರಿ? 1971ರಲ್ಲಿ ಫಿನ್ಲೆಂಡಿನ ಕೋಳಿಗಳಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಹಬ್ಬಿತು. ನುರ್ಮಿ ಮತ್ತು ರಂತಾಲ ಎಂಬ ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನ ಅಂಶವನ್ನು ಎಳೆಯ ಮರಿಗಳಿಗೆ ಕೊಟ್ಟು ನೋಡಿದರು. ರೋಗಾಣು ಅವುಗಳಲ್ಲಿ ಸುಲಭವಾಗಿ ನೆಲೆಯೂರಲಿಲ್ಲ. ಇದನ್ನು ಅವರು ಪ್ರಕಟಿಸಿದ್ದು 1973ರಲ್ಲಿ. ಕಾರಣ ಸರಳ. ಹಿತ್ತಿಲಿನ ಮರಿ ತಾಯಿಯ ಹಿಂದೆ ಕೆದಕುತ್ತ, ಕುಕ್ಕುತ್ತ ಅವಳ ಕರುಳಿನ ಒಳ್ಳೆಯ ಅಣುಜೀವಿಗಳನ್ನು ಬಳುವಳಿಯಾಗಿ ಪಡೆಯುತ್ತದೆ. ಯಂತ್ರದಲ್ಲಿ ಒಡೆದ ಮೊಟ್ಟೆಯ ಮರಿಗೆ ತಾಯಿಯೇ ಇಲ್ಲ. ಬರಿದಾದ ಅದರ ಕರುಳಿಗೆ ಮೊದಲು ಬಂದವನೇ ಒಡೆಯ. ತುಂಬಿದ ಮನೆಯಲ್ಲಿ ಕಳ್ಳನಿಗೆ ಎಡೆಯೆಲ್ಲಿ?

ಇಂದು ಮೊಸರಿನಲ್ಲಿರುವಂಥ ಲ್ಯಾಕ್ಟೊಬ್ಯಾಸಿಲಸ್ ಅಣುಜೀವಿಗಳನ್ನೂ ಕೆಲವು ಸೌಮ್ಯ ಆಮ್ಲಗಳನ್ನೂ ನೀರು ಮೇವುಗಳಲ್ಲಿ ಕೊಡುತ್ತಾರೆ. ಇವು ಮಂತ್ರದಂಡವಲ್ಲ. ನೆಲದ ಹೊಟ್ಟು ಒದ್ದೆಯಾಗಿ, ನೀರು ಕೊಳಕಾಗಿ, ಶೆಡ್ಡು ಕಿಕ್ಕಿರಿದಿದ್ದರೆ ಯಾವುದೂ ಫಲಿಸದು. ಕಾಯಿಲೆ ಬಿದ್ದ ಹಿಂಡಿಗಂತೂ ಪಶುವೈದ್ಯರು ಹೇಳಿದ ಮದ್ದು ಬೇಕೇ ಬೇಕು.

ನಮ್ಮ ಹುಡುಗ ಪಶುವೈದ್ಯರನ್ನು ಕೇಳಿ ಒಂದು ಶೆಡ್ಡಿನಲ್ಲಿ ಇದನ್ನು ಪ್ರಯೋಗಿಸಿದ. ಸಾವು ಹೆಚ್ಚಲಿಲ್ಲ, ತೂಕ ಕೊಂಚ ಕಡಿಮೆ ಬಂತು. "ಈ ಕೊಂಚದ ನಷ್ಟ ಯಾರದ್ದು, ದೊಡ್ಡಪ್ಪ?" ಎಂದು ಮತ್ತೆ ಕೇಳಿದ. ನಾನು ಕೋಳಿ ತಿನ್ನುವವನಲ್ಲ. ಆದರೆ ನಾಳೆ ನನ್ನ ಮೊಮ್ಮಗುವಿಗೆ ಜ್ವರ ಬಂದಾಗ ಮದ್ದು ನಾಟಬೇಕಾದರೆ ಆ ನಷ್ಟದಲ್ಲಿ ನನಗೂ ಪಾಲಿದೆ. ಅವನಿಗೆ ನಾನು ಹೇಳಬಹುದಾದ ಉತ್ತರ ಅದೊಂದೇ.