ಕಪ್ಪು ಪರದೆ, ಸಿಗದ ವೈ-ಫೈ: ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದಾಗ

(ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಕಂಪ್ಯೂಟರ್ ಓದಿದವನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದರೂ ಈ ವಿಷಯದ ಮೇಲೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ನಾನೇ ಮಾಡಿದ ಒಂದು ತಪ್ಪು ಕಾರಣ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ನಮಗೆ ದಾನವಾಗಿ ಬಂದಿದ್ದ ಹಳೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕೋಣ ಎಂದು ಹೇಳಿದವನು ನಾನೇ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಯುನಿಕ್ಸ್ ಮಾದರಿಯಲ್ಲಿ ಬರೆಯತೊಡಗಿದ ವ್ಯವಸ್ಥೆ ಅದು. ಹಣ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ನಡೆಯುತ್ತದೆ. ನನ್ನ ಬಳಿ ಡೆಬಿಯನ್ 11 ಇದ್ದ ಒಂದು ಹಳೆಯ ಪೆನ್‌ಡ್ರೈವ್ ಇತ್ತು. ಅದರಿಂದ ಹಾಕುವಾಗ ಒಂದು ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಯಾರೋ ಹೇಳಿಕೊಟ್ಟಂತೆ 'ನೋಮೋಡ್‌ಸೆಟ್' ಎಂಬ ಪದ ಸೇರಿಸಿದೆ, ಚಿತ್ರ ಬಂತು. ಕೇಬಲ್ ಚುಚ್ಚಿ ನೋಡಿದೆ, ಇಂಟರ್ನೆಟ್ ಬಂತು. ಅಷ್ಟಕ್ಕೇ ತೃಪ್ತನಾಗಿ, ಈಗ ಪಿಯುಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಅದನ್ನು ಕೊಟ್ಟೆ. ವೈ-ಫೈ ಪರೀಕ್ಷಿಸಲೇ ಇಲ್ಲ.

ಅವಳ ಮನೆಯಲ್ಲಿ ಕೇಬಲ್ ಎಲ್ಲಿಂದ ಬರಬೇಕು? ಇರುವುದು ತಂದೆಯ ಮೊಬೈಲ್ ಒಂದೇ. ಲ್ಯಾಪ್‌ಟಾಪಿನಲ್ಲಿ ವೈ-ಫೈ ಎಂಬ ಚಿಹ್ನೆಯೇ ಇಲ್ಲ. ಅಕ್ಷರಗಳು ದಪ್ಪದಪ್ಪ. ಅವಳ ಅಣ್ಣ ಮೊಬೈಲಿನಲ್ಲಿ ಹುಡುಕಿ, ಆ ನೋಮೋಡ್‌ಸೆಟ್ ಪದವನ್ನು ತೆಗೆದುಬಿಟ್ಟ. ಪರದೆ ಪೂರ್ತಿ ಕಪ್ಪಾಯಿತು. ದಾನದ ವಸ್ತು ಕೆಡಿಸಿಬಿಟ್ಟೆವೆಂದು ಹೆದರಿ ಆ ಮಗು ಮೂರು ವಾರ ಯಾರಿಗೂ ಹೇಳಲಿಲ್ಲ. ಒಬ್ಬ ರಿಪೇರಿಯವರು ನೋಡಿ, ಮದರ್‌ಬೋರ್ಡ್ ಹೋಗಿದೆ, ನಾಲ್ಕು ಸಾವಿರ ಆಗುತ್ತದೆ ಎಂದರಂತೆ. ತಂದೆ ಸಾಲ ಕೇಳಲು ಹೊರಟಾಗ ಅವಳು ನನ್ನ ಬಳಿ ಬಂದಳು. ಬಾಗಿಲಲ್ಲೇ ನಿಂತು ಹೇಳಿದ ಮೊದಲ ಮಾತು, "ಸರ್, ಮೈ ಕುಛ್ ನೈ ಕರೀ."

ಅವಳು ನಿಜವಾಗಿಯೂ ಏನೂ ಮಾಡಿರಲಿಲ್ಲ. ಮದರ್‌ಬೋರ್ಡೂ ಹೋಗಿರಲಿಲ್ಲ.

ಏನಾಗಿತ್ತೆಂದು ನಾನು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇನೆ. ಲ್ಯಾಪ್‌ಟಾಪಿನೊಳಗಿನ ವೈ-ಫೈ ಚಿಪ್, ಗ್ರಾಫಿಕ್ಸ್ ಚಿಪ್ ಒಂದೊಂದೂ ಬೇರೆ ಬೇರೆ ಭಾಷೆಯವು. ಅವುಗಳ ಮತ್ತು ಲಿನಕ್ಸಿನ ನಡುವೆ ನಿಲ್ಲುವ ದುಭಾಷಿಯೇ ಡ್ರೈವರ್. ಲಿನಕ್ಸಿನಲ್ಲಿ ಸಾಮಾನ್ಯವಾಗಿ ದುಭಾಷಿ ಸಿದ್ಧನಾಗಿಯೇ ಇರುತ್ತಾನೆ. ತೊಡಕು ಇನ್ನೊಂದು ಕಡೆ ಇದೆ. ಇಂಥ ಅನೇಕ ಚಿಪ್‌ಗಳು ಸ್ವಿಚ್ ಹಾಕಿದಾಗ ಒರೆಸಿಟ್ಟ ಕರಿಹಲಗೆಯಂತೆ ಖಾಲಿ. ಪ್ರತಿ ಸಲವೂ ಅವುಗಳಿಗೆ ಪಾಠವನ್ನು ಹೊಸದಾಗಿ ಡಿಸ್ಕಿನಿಂದ ತುಂಬಬೇಕು. ಆ ಪಾಠದ ಕಡತವೇ ಫರ್ಮ್‌ವೇರ್. ಅದು ಕಂಪನಿಯ ಸ್ವತ್ತು, ಒಳಗೇನಿದೆಯೆಂದು ತೋರಿಸುವುದಿಲ್ಲ. ಮುಕ್ತ ತಂತ್ರಾಂಶವೇ ನಮ್ಮ ನಿಯಮ ಎನ್ನುವ ಡೆಬಿಯನ್‌ನವರು ಬಹಳ ವರ್ಷ ಈ ಕಡತಗಳನ್ನು ತಮ್ಮ ಅಧಿಕೃತ ಡಿಸ್ಕಿನಿಂದ ಹೊರಗೇ ಇಟ್ಟರು. 2022ರಲ್ಲಿ ತಮ್ಮೊಳಗೆ ಮತ ಹಾಕಿ ನಿಲುವು ಬದಲಿಸಿದರು; 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅವು ಜೊತೆಗೇ ಬರುತ್ತವೆ. ನನ್ನ ಪೆನ್‌ಡ್ರೈವ್ ಅದಕ್ಕಿಂತ ಹಿಂದಿನದು. ಹೊಸದನ್ನು ಇಳಿಸಿಕೊಂಡಿದ್ದರೆ ಆ ಮೂರು ವಾರಗಳ ಸಂಕಟವೇ ಇರುತ್ತಿರಲಿಲ್ಲ.

ಬ್ರಾಡ್‌ಕಾಮ್ ಕಂಪನಿಯ ಹಳೆಯ ವೈ-ಫೈ ಚಿಪ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು. ಕಂಪನಿ ವಿವರ ಕೊಡಲಿಲ್ಲ. ಆಗ ಸ್ವಯಂಸೇವಕರ ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ ಹೇಗೆ ನಡೆಯುತ್ತದೆಂದು ಬರೆದಿಟ್ಟಿತು. ಮತ್ತೊಂದು ಗುಂಪು ಮೂಲವನ್ನು ಮುಟ್ಟದೆ, ಆ ಬರಹವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. ನಕಲು ಹೊಡೆದರೆಂಬ ಆರೋಪ ಬರಬಾರದಲ್ಲ! 'ಬಿ43' ಎಂಬ ಆ ಡ್ರೈವರ್ 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಸೇರಿತು. 2010ರಲ್ಲಿ ಕಂಪನಿಯೇ ಕೆಲವು ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಹಳೆಯವುಗಳ ಫರ್ಮ್‌ವೇರನ್ನು ಮಾತ್ರ ಡೆಬಿಯನ್ ಡಿಸ್ಕಿನಲ್ಲಿ ಹಂಚುವಂತಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬರಲು ವೈ-ಫೈ ಬೇಕು, ವೈ-ಫೈ ಬರಲು ಇಂಟರ್ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದಂತೆ.

ಈ ಗಂಟು ಬಿಡಿಸುವ ಸುಲಭ ದಾರಿ ನಿಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಿ. ಲಿನಕ್ಸ್ ಅದನ್ನು ತಂತಿಯ ಜಾಲವೆಂದೇ ತಿಳಿದು ಇಂಟರ್ನೆಟ್ ತೆಗೆದುಕೊಳ್ಳುತ್ತದೆ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಲಿ, ಬರೀ ಚಾರ್ಜ್ ಮಾಡುವ ಕೇಬಲ್ಲುಗಳೂ ಇವೆ.

ನಾವು ಮಾಡಿದ್ದೂ ಅದನ್ನೇ. ಲ್ಯಾಪ್‌ಟಾಪ್ ಆನ್ ಮಾಡಿ, ಗ್ರಬ್ ಎಂಬ ಮೊದಲ ಪಟ್ಟಿ ಕಾಣುತ್ತಲೇ 'ಇ' ಒತ್ತಿದೆವು. 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಬರೆದು ಎಫ್10 ಒತ್ತಿದಾಗ ಪರದೆ ಬಂತು. ಈ ಪದ ಊರುಗೋಲು ಮಾತ್ರ. ಗ್ರಾಫಿಕ್ಸ್ ಚಿಪ್ಪಿನ ನಿಜವಾದ ಕೆಲಸವನ್ನು ತಡೆದು, ಒರಟು ಚಿತ್ರವನ್ನಷ್ಟೇ ತೋರಿಸುತ್ತದೆ. ಅದನ್ನೇ ಚಿಕಿತ್ಸೆ ಎಂದು ತಿಳಿದದ್ದು ನನ್ನ ಎರಡನೆಯ ತಪ್ಪು.

ಆಮೇಲೆ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ', ಮುಂದೆ ಜಾಗ ಬಿಟ್ಟು '-ಎನ್‌ಎನ್' ಎಂದು ಅವಳ ಕೈಯಿಂದಲೇ ಟೈಪ್ ಮಾಡಿಸಿದೆ. ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರ. ಒಳಗಿರುವ ಚಿಪ್‌ಗಳ ಹೆಸರೂ ಸಂಖ್ಯೆಯೂ ಸಾಲಾಗಿ ಬಂದವು. ಮಕ್ಕಳೇ, ಈ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ನಂಬಬೇಡಿ, ಒಂದೇ ಮಾಡೆಲ್‌ನಲ್ಲಿ ಎರಡು ಬಗೆಯ ವೈ-ಫೈ ಕಾರ್ಡ್ ಇರುವುದುಂಟು. ಅಂಗಡಿಯವರ ಊಹೆಯನ್ನಂತೂ ನಂಬಲೇಬೇಡಿ. ನಂತರ 'ಸುಡೋ ಡಿಮೆಸ್ಜ್' ಕೊಟ್ಟರೆ ಯಂತ್ರ ಆನ್ ಆದಾಗಿನಿಂದ ತನ್ನಷ್ಟಕ್ಕೆ ಬರೆದುಕೊಂಡ ದಿನಚರಿ ಕಾಣುತ್ತದೆ. ಅದರಲ್ಲಿ ಫರ್ಮ್‌ವೇರ್ ಎಂಬ ಪದ ಇರುವ ಸಾಲುಗಳನ್ನು ಹುಡುಕಲು ಹೇಳಿದೆ. ಇಂಥ ಹೆಸರಿನ ಕಡತ ಸಿಗಲಿಲ್ಲ ಎಂದು ಎರಡು ಕಡೆ ಇತ್ತು. ಒಂದು ವೈ-ಫೈಯದು, ಇನ್ನೊಂದು ಗ್ರಾಫಿಕ್ಸಿನದು. ಎರಡೂ ಕಾಯಿಲೆಗೆ ಮೂಲ ಒಂದೇ! ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿ, "ಹಾಗಾದರೆ ಇದು ಮೊದಲಿಂದಲೂ ಹೇಳುತ್ತಲೇ ಇತ್ತಾ ಸರ್?" ಎಂದಳು.

ಮೊಬೈಲ್ ಜೋಡಿಸಿ, ಡೆಬಿಯನ್ ಪಟ್ಟಿಯಲ್ಲಿ 'ನಾನ್-ಫ್ರೀ' ವಿಭಾಗ ಸೇರಿಸಿ, ಎರಡು ಫರ್ಮ್‌ವೇರ್ ಪೊಟ್ಟಣ ಇಳಿಸಿದೆವು. ಮತ್ತೆ ಆನ್ ಮಾಡುವಾಗ ನೋಮೋಡ್‌ಸೆಟ್ ಸೇರಿಸಲಿಲ್ಲ. ಪರದೆ ಪೂರ್ಣ ಸ್ಪಷ್ಟವಾಗಿ ಬಂತು, ಮೂಲೆಯಲ್ಲಿ ವೈ-ಫೈ ಚಿಹ್ನೆಯೂ ಬಂತು. ಖರ್ಚಾದದ್ದು ಮೊಬೈಲಿನ ಒಂದಿಷ್ಟು ಡೇಟಾ.

ಎಲ್ಲವೂ ಹೀಗೆ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಎನ್‌ವಿಡಿಯಾದ ತೀರಾ ಹಳೆಯ ಚಿಪ್‌ಗಳಿಗೆ ಕಂಪನಿಯ ಡ್ರೈವರ್ ಹೊಸ ಲಿನಕ್ಸಿನಲ್ಲಿ ಕೂರುವುದಿಲ್ಲ. ಸ್ವಯಂಸೇವಕರು ಬರೆದ 'ನೂವೋ' ಡ್ರೈವರಿನಲ್ಲೇ ತೃಪ್ತಿಪಡಬೇಕು. ನಮ್ಮ ಇನ್ನೊಂದು ಲ್ಯಾಪ್‌ಟಾಪಿನ ವೈ-ಫೈ ಏನು ಮಾಡಿದರೂ ಏಳಲಿಲ್ಲ, ಯುಎಸ್‌ಬಿಗೆ ಚುಚ್ಚುವ ಚಿಕ್ಕ ಅಡಾಪ್ಟರ್ ಕೊಂಡೆವು. ಮತ್ತೊಂದಕ್ಕೆ ಇಡೀ ಸಂಜೆ ತಲೆ ಕೆಡಿಸಿಕೊಂಡೆ. ಕೊನೆಗೆ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಕೊಟ್ಟಾಗ 'ಹಾರ್ಡ್ ಬ್ಲಾಕ್ಡ್: ಯೆಸ್' ಎಂದು ಬಂತು. ಪಕ್ಕದಲ್ಲಿದ್ದ ಪುಟ್ಟ ವೈ-ಫೈ ಸ್ವಿಚ್ ಆಫ್ ಆಗಿತ್ತು, ಅಷ್ಟೆ. ಅದನ್ನು ತೋರಿಸಿದವಳೂ ಅದೇ ಹುಡುಗಿ.

ಇನ್ನೂ ಎರಡು ಲ್ಯಾಪ್‌ಟಾಪ್ ಸರಿಯಾಗಿಲ್ಲ. ಹಿಂದಿನ ಮೇಜಿನ ಮೇಲೆ ತಂದಿಟ್ಟಿದ್ದೇನೆ. ಅಸರ್ ನಮಾಝಿನ ನಂತರ ತೆರೆಯೋಣ. ಆಸಕ್ತಿ ಇರುವವರು ನೋಟ್‌ಬುಕ್ ಮತ್ತು ಡೇಟಾ ಹೋಗುವ ಒಂದು ಕೇಬಲ್ ತನ್ನಿ. ವಸ್ಸಲಾಮ್.